ಏರುವಾಗ ಎರಡು ಕರಿ ಮನೆ

ಆ ದಿನಗಳಲ್ಲಿ ನಮ್ಮ ಬೀದಿಯ ಧನುರ್ಮಾಸದ ಭಜನೆಗೆ ಮುಹೂರ್ತ ಇಡುತ್ತಿದ್ದುದು ಕಂಪನಿ ಬಸ್ಸು. ಈಗಿನ ಹೊಸೂರಿನವರಿಗೆ ಹೇಳಿದರೆ ನಂಬುವುದಿಲ್ಲ. ಅರ್ಚಕರು ದೀಪ ಹಚ್ಚಿ, ಹುಗ್ಗಿಯ ಪಾತ್ರೆಗೆ ತಟ್ಟೆ ಮುಚ್ಚಿ, ಮಂಕಿಟೋಪಿಯನ್ನು ಕಿವಿಯ ಕೆಳಗೆ ಎಳೆದುಕೊಂಡು ರಾಮಮಂದಿರದ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದರು. ಮಂಜು ಎಷ್ಟಿರುತ್ತಿತ್ತೆಂದರೆ ಬೀದಿ ನಲ್ಲಿಯ ಹತ್ತಿರ ಯಾರಿದ್ದಾರೆ ಎಂಬುದನ್ನು ಬಿಂದಿಗೆಯ ಸದ್ದಿನಿಂದಲೇ ತಿಳಿಯಬೇಕಿತ್ತು. ಬಂದವರೆಲ್ಲ ನನ್ನನ್ನೇ ಕೇಳುತ್ತಿದ್ದರು, "ನಾಗರಾಜನ್ ಬಸ್ ಬಂತೇನಮ್ಮಾ?" ಎಂದು.

ನಾಗರಾಜ ನನ್ನಪ್ಪ. ರಾತ್ರಿ ಪಾಳಿ ಮುಗಿಸಿ, ಎಣ್ಣೆ ಕಮಟು ಹೊಡೆಯುವ ಯೂನಿಫಾರ್ಮಿನಲ್ಲೇ ಬಸ್ಸಿಳಿದು, ನಲ್ಲಿಯಲ್ಲಿ ಕೈಕಾಲು ಮುಖ ತೊಳೆದು, ಅಮ್ಮ ತಂದಿಟ್ಟಿದ್ದ ಪಂಚೆ ಸುತ್ತಿಕೊಂಡು ಹಾರ್ಮೋನಿಯಂ ಮುಂದೆ ಕೂರುವವರೆಗೆ ಭಜನೆಯಲ್ಲಿ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ಯಾರಿಗೂ ಬೇಡವಾದ ರಾತ್ರಿ ಪಾಳಿಯನ್ನು ಆ ತಿಂಗಳು ಅಪ್ಪ ಕೇಳಿ ಹಾಕಿಸಿಕೊಳ್ಳುತ್ತಿದ್ದ. ಬೆಳಗಿನ ಹೊತ್ತು ಬಿಡುವಾಗಿರಬೇಕಲ್ಲ. ಇಡೀ ಬೀದಿ ನನ್ನಪ್ಪನಿಗಾಗಿ ಚಳಿಯಲ್ಲಿ ನಡುಗುತ್ತ ಕಾಯುತ್ತದೆ ಎಂಬುದೇ ನನಗೊಂದು ಕೊಂಬು. ಬಸ್ಸಿನ ದೀಪ ಮಂಜಿನಲ್ಲಿ ಹಳದಿಯಾಗಿ ಕಂಡದ್ದೇ ತಡ, "ಬಂತು, ಬಂತು" ಎಂದು ಕೂಗುವ ಹಕ್ಕನ್ನು ನಾನು ಬೇರೆ ಮಕ್ಕಳಿಗೆ ಬಿಟ್ಟುಕೊಡುತ್ತಿರಲಿಲ್ಲ.

ನಮ್ಮದು ಅಚ್ಚ ಹೊಸೂರು ಭಜನೆ. ಹಾಡು ತೆಲುಗು, ಮಂಗಳ ಕನ್ನಡ, ಹುಗ್ಗಿ ಹಂಚುವಾಗಿನ ಜಗಳ ತಮಿಳು. ಮುತ್ತುಗದ ದೊನ್ನೆಯಲ್ಲಿ ಬಿಸಿ ಹುಗ್ಗಿ ಬೀಳುವಾಗ ಎಲೆ ಬೆಂದ ವಾಸನೆಯೂ ಮೆಣಸಿನ ವಾಸನೆಯೂ ಸೇರಿ ಮೂಗಿಗೆ ಏರುತ್ತಿತ್ತು. ದೊನ್ನೆಯ ತಳ ಅಂಗೈ ಸುಡುತ್ತಿದ್ದರೂ ಕೆಳಗಿಡುತ್ತಿರಲಿಲ್ಲ, ಚಳಿಗೆ ಅದೇ ಒಲೆ. ಮುಂದೆ ನಿಂತು ಹಾಡುತ್ತಿದ್ದವರು ಗೋವಿಂದಪ್ಪ ಮೇಷ್ಟ್ರು, ಅಮ್ಮ ಪಾಠ ಮಾಡುತ್ತಿದ್ದ ಕನ್ನಡ ಶಾಲೆಯಿಂದಲೇ ನಿವೃತ್ತರಾದವರು. ಅವರು ಒಂದು ಸಾಲು ಹಾಡಿ ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಅಪ್ಪ ಅದೇ ಸಾಲನ್ನು ಹಾರ್ಮೋನಿಯಂನಲ್ಲಿ ಹೇಳಿ ಮುಗಿಸುತ್ತಿದ್ದ. ಮೇಷ್ಟ್ರು ತಿರುಗಿ ಕೂಡ ನೋಡುತ್ತಿರಲಿಲ್ಲ, ಅಷ್ಟು ನಂಬಿಕೆ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಅಪ್ಪ ನನ್ನನ್ನು ಕೀಬೋರ್ಡ್ ಕ್ಲಾಸಿಗೆ ಸೇರಿಸಿದ. ಕಲಿಸುತ್ತಿದ್ದವರು ರೋಸಿ ಮಿಸ್. ಅವರ ಮನೆ ಬಾಗಲೂರು ರಸ್ತೆಯ ಕಡೆ ಇತ್ತು. ಅವರಿಗೆ ಕನ್ನಡ ಅಷ್ಟಕ್ಕಷ್ಟೆ, ನನಗೆ ಶಾಲೆಯಲ್ಲಿ ಕಲಿತಷ್ಟು ತಮಿಳು. ಆ ಚಳಿಗಾಲದಲ್ಲಿ ಅವರು ಮೈನರ್ ಸ್ಕೇಲು ಶುರು ಮಾಡಿದರು. ಮೈನರ್ ಅಂದರೆ ಅಳುಮುಂಜಿ ಸ್ವರಗಳ ಸಾಲು, ಒಂದನ್ನು ಕಲಿತರೆ ಮುಗಿಯಿತು ಎಂದುಕೊಂಡಿದ್ದೆ. ನೋಡಿದರೆ ಅದರಲ್ಲಿ ಮೂರು ಜಾತಿ.

ಹಾರ್ಮೋನಿಯಂ ಬಾರಿಸುವವರು ಒಂದೊಂದು ಕೀಲಿಯನ್ನೂ ಮನೆ ಅನ್ನುತ್ತಾರೆ, ಬಿಳಿ ಮನೆ, ಕರಿ ಮನೆ. ಮಿಸ್ ನನಗೆ ಕೊಟ್ಟದ್ದು ಎ ಮೈನರ್. ಮೊದಲನೆಯದು ನ್ಯಾಚುರಲ್, ಹತ್ತುವಾಗಲೂ ಇಳಿಯುವಾಗಲೂ ಬರೀ ಬಿಳಿ ಮನೆ. ಎರಡನೆಯದು ಹಾರ್ಮೋನಿಕ್, ತುದಿಯ ಮನೆ ಸೇರುವ ಮುಂಚೆ ಏಳನೆಯ ಸ್ವರವನ್ನು ಅರ್ಧ ಏರಿಸಿ ಒಂದು ಕರಿ ಮನೆ ಮುಟ್ಟಬೇಕು. ಹಾಗೆ ಏರಿಸಿದ್ದರಿಂದ ಆರನೆಯದಕ್ಕೂ ಏಳನೆಯದಕ್ಕೂ ನಡುವೆ ಒಂದು ಹಳ್ಳ ಬೀಳುತ್ತದೆ, ಹಾಡುವವರು ಅಲ್ಲಿ ಎಡವುತ್ತಾರೆ. ಆ ಹಳ್ಳ ತುಂಬಲು ಆರನೆಯದನ್ನೂ ಏರಿಸಿದರೆ ಮೂರನೆಯದು, ಮೆಲೋಡಿಕ್. ಏರುವಾಗ ಎರಡು ಕರಿ ಮನೆ. ಇಳಿಯುವಾಗ ಎರಡನ್ನೂ ಬಿಟ್ಟು ಬಿಳಿ ಮನೆಗಳಲ್ಲೇ ಬರಬೇಕು.

"ಪೋಗುಂಬೋದು ಒರು ವಳಿ, ವರುಂಬೋದು ಇನ್ನೊರು ವಳಿ," ಅಂದರು ಮಿಸ್. ಹೋಗುವಾಗ ಒಂದು ದಾರಿ, ಬರುವಾಗ ಇನ್ನೊಂದು. ನನಗೆ ಅಳು ಬರುವಂತಾಯಿತು. ಹೋದ ದಾರಿಯಲ್ಲೇ ವಾಪಸ್ ಬರಲು ಇವರಿಗೇನು ಧಾಡಿ?

ಮನೆಗೆ ಬಂದು ಗೊಣಗಿದಾಗ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ ಕಂಪನಿ ಬಸ್ಸೂ ಹಂಗೇ ಅಲ್ವೇನಮ್ಮಾ? ಹೋಗ್ತಾ ಟೈಮಾಯ್ತದೆ ಅಂತ ಬೈಪಾಸು, ಬತ್ತಾ ಊರೊಳಗಿಂದ. ಮೇಲಿನ ಮನೆ ಮುಟ್ಟೋ ಅವಸರ ಇರೋದು ಹತ್ತುವಾಗ. ಇಳಿವಾಗ ಏನವಸರ?" ಆಮೇಲೆ ಹಾರ್ಮೋನಿಯಂ ಎಳೆದುಕೊಂಡು ಮೂರನ್ನೂ ನುಡಿಸಿದ. ನ್ಯಾಚುರಲ್ ಅಂದರೆ ನಮ್ಮ ನಟಭೈರವಿ, ಹಾರ್ಮೋನಿಕ್ ಅಂದರೆ ಕೀರವಾಣಿ, ಮೆಲೋಡಿಕ್ ಏರುವಾಗ ಗೌರಿಮನೋಹರಿ, ಇಳಿಯುವಾಗ ಮತ್ತೆ ನಟಭೈರವಿ. ಮಿಸ್ ವಾರವೆಲ್ಲ ಹೇಳಿದ್ದು ಆಗ ನನ್ನ ತಲೆಗೆ ಹೋಯಿತು.

ಅವತ್ತಿಂದ ನಮ್ಮಿಬ್ಬರದ್ದೊಂದು ಆಟ. ಸಂಜೆ ಅಪ್ಪ ಎದ್ದು ಕಾಫಿ ಕುಡಿದ ಮೇಲೆ ಗೋಡೆ ಕಡೆ ಮುಖ ಮಾಡಿ, ತಲೆ ಮೇಲೆ ಟವೆಲ್ ಹಾಕಿಕೊಂಡು ಕೂರುತ್ತಿದ್ದ. ನಾನು ಕೀಬೋರ್ಡಿನಲ್ಲಿ ಮೂರರಲ್ಲಿ ಒಂದನ್ನು ನುಡಿಸಬೇಕು, ಅವನು ಹೆಸರು ಹೇಳಬೇಕು. ಮೋಸ ಮಾಡಲು ನಾನು ಎಲ್ಲ ದಾರಿ ನೋಡಿದೆ. ಅರ್ಧಕ್ಕೆ ನಿಲ್ಲಿಸುತ್ತಿದ್ದೆ, ಮೆಲೋಡಿಕ್ ಏರಿ ಬೇಕೆಂದೇ ಹಾರ್ಮೋನಿಕ್‌ನಲ್ಲಿ ಇಳಿಯುತ್ತಿದ್ದೆ.

"ಹೋಗಿದ್ದು ಗೌರಿಮನೋಹರಿ, ಬಂದಿದ್ದು ಕೀರವಾಣಿ. ಕಳ್ಳಿ! ಯಾರ್ಗೆ ಟೋಪಿ ಹಾಕ್ತೀಯಾ?" ಅನ್ನುತ್ತಿದ್ದ ಟವೆಲಿನೊಳಗಿಂದ. ಅಪ್ಪ ಸೋತದ್ದೇ ಇಲ್ಲ.

ಅವನ ಕಿವಿ ಅಂದರೆ ಕಾರ್ಖಾನೆಯಲ್ಲೂ ಹೆಸರುವಾಸಿ. ಅಪ್ಪ ಇದ್ದದ್ದು ಪ್ರೆಸ್ ಶಾಪಿನಲ್ಲಿ, ದಪ್ಪ ತಗಡನ್ನು ಅಚ್ಚಿನ ನಡುವೆ ಇಟ್ಟು ಧಡ್ ಎಂದು ಒತ್ತುವ ಯಂತ್ರದ ಪಕ್ಕ. ಕಿವಿಗೆ ಹಾಕಿಕೊಳ್ಳಲು ಹಳದಿ ಸ್ಪಂಜಿನ ಬಿರಟೆ ಕೊಡುತ್ತಿದ್ದರು, ಹಾಕಿಕೊಳ್ಳಿ ಎಂದು ಸೂಪರ್‌ವೈಸರು ದಿನವೂ ಹೇಳುತ್ತಿದ್ದರಂತೆ. ಅಪ್ಪ ಒಳಗೆ ಹೋಗುವಾಗ ಹಾಕಿಕೊಂಡು, ಆಮೇಲೆ ಮೆಲ್ಲಗೆ ತೆಗೆದು ಜೇಬಿಗಿಡುತ್ತಿದ್ದ.

"ಅದ್ನ ಹಾಕ್ಕೊಂಡ್ರೆ ಅಚ್ಚು ಕೂತಿದ್ದು ಗೊತ್ತಾಗಲ್ಲ ಕಣೇ," ಎಂದು ಅಮ್ಮನಿಗೆ ಹೇಳುತ್ತಿದ್ದ. "ತಗಡು ಸೀಳೋ ಮುಂಚೆ ಸಣ್ಣಗೆ ಕುಯ್ ಅಂತೈತೆ. ಅದು ನಂಗೊಬ್ಬಂಗೇ ಕೇಳ್ಸೋದು. ಕಿವಿ ಮುಚ್ಕೊಂಡು ಮಿಷಿನ್ ನಡ್ಸು ಅಂದ್ರೆ, ಕಣ್ಣು ಕಟ್ಕೊಂಡು ಗಾಡಿ ಓಡ್ಸು ಅಂದಂಗೆ."

ಅಮ್ಮ ಮುಖ ತಿರುಗಿಸುತ್ತಿದ್ದಳು. ಹಾಗೆ ಜೇಬಿಗೆ ಬಿದ್ದ ಬಿರಟೆಗಳು ನನಗೆ ಬರುತ್ತಿದ್ದವು. ನಮ್ಮ ಬೀದಿಯ ಹುಡುಗಿಯರ ಗೊಂಬೆಗಳೆಲ್ಲ ಮಲಗುತ್ತಿದ್ದುದು ಆ ಹಳದಿ ದಿಂಬುಗಳ ಮೇಲೆ.

ಧನುರ್ಮಾಸ ಶುರುವಾಗಿ ಕೆಲವು ದಿನ ಆಗಿರಬೇಕು. ಭಜನೆ ಮುಗಿದು ಎಲ್ಲರೂ ದೊನ್ನೆ ಹಿಡಿದು ಕೂತಿದ್ದಾಗ ಅಪ್ಪ ಸುತ್ತ ನೋಡಿ, "ಶ್ರುತಿ ಪೆಟ್ಟಿಗೆ ಯಾಕಿನ್ನೂ ಆನ್ ಐತೆ? ಆರ್ಸಿ ಯಾರಾನಾ," ಅಂದ. ಶ್ರುತಿ ಪೆಟ್ಟಿಗೆಯ ವೈರು ಸುತ್ತಿ ಆಗಲೇ ಬೀರುವಿನೊಳಗೆ ಇಟ್ಟಿದ್ದೆ, ಅದು ನನ್ನ ಕೆಲಸ. ಅಪ್ಪ ತಮಾಷೆ ಮಾಡುತ್ತಿದ್ದಾನೆಂದು ಎಲ್ಲರೂ ನಕ್ಕರು. ನಾನೂ ನಕ್ಕೆ. ಅಪ್ಪ ನಗಲಿಲ್ಲ, ಕಿರುಬೆರಳಿನಿಂದ ಕಿವಿ ಅಲ್ಲಾಡಿಸಿಕೊಂಡ.

ಅದಾದ ಮೇಲೆ ಒಂದು ಸಂಜೆ ಅವನು ಆಟದಲ್ಲಿ ತಪ್ಪಿದ. ನಾನು ಹಾರ್ಮೋನಿಕ್ ನುಡಿಸಿದೆ, ಅವನು ನ್ಯಾಚುರಲ್ ಅಂದ. ಗೆದ್ದೆ ಎಂದು ಕುಣಿದಾಡಿದೆ. ಮತ್ತೆ ಮೆಲೋಡಿಕ್ ನುಡಿಸಿದೆ. ಅದಕ್ಕೂ ಸ್ವಲ್ಪ ತಡೆದು, "ಅದೇ, ನ್ಯಾಚುರಲ್ಲು," ಅಂದ. ಕುಣಿತ ನಿಂತಿತು. ನಾನು ಕೆಳಗಿನ ಮಂದ್ರದ ಮನೆಗಳಿಗೆ ಬಂದು ಅದನ್ನೇ ನುಡಿಸಿದೆ, ಥಟ್ಟನೆ ಸರಿಯಾಗಿ ಹೇಳಿದ. ಮೇಲಿನ ಮನೆಗಳಿಗೆ ಹೋದೆ, ಮತ್ತೆ ತಪ್ಪು. ಮೂರು ಮೈನರುಗಳಿಗೂ ಇರುವ ವ್ಯತ್ಯಾಸವೆಲ್ಲ ಮೇಲಿನ ಎರಡು ಸ್ವರಗಳಲ್ಲಿ. ಆ ಎರಡು ಸ್ವರ ಅಪ್ಪನಿಗೆ ಸಿಗುತ್ತಿರಲಿಲ್ಲ. ಟವೆಲಿನೊಳಗೆ ಅವನ ತಲೆ ಒಂದಿಷ್ಟು ಓರೆಯಾಗಿತ್ತು. ನನಗೆ ಭಯವಾಯಿತು, ಆದರೆ ಯಾವುದರ ಭಯ ಎಂದು ಹೇಳಲು ಬರುತ್ತಿರಲಿಲ್ಲ.

"ವಾಲ್ಯೂಮ್ ಕಮ್ಮಿ ಆಗೈತೆ ನೋಡಮ್ಮ," ಅಂದ ಅಪ್ಪ. ವಾಲ್ಯೂಮ್ ಪೂರ್ತಿ ಇತ್ತು.

ಅಮ್ಮನಿಗೆ ಹೇಳಿದೆ. ಕರೆಕ್ಷನ್ ಮಾಡುತ್ತಿದ್ದವಳು ತಲೆಯೆತ್ತದೆ, "ನಿದ್ದೆಗೆಟ್ಟಿದಾರೆ, ಆಟ ಅಂತ ಕಾಡ್ಬೇಡ," ಅಂದಳು. ಎರಡು ಸ್ವರ ಕೇಳಿಸದಿದ್ದರೆ ಏನಾಗುತ್ತದೆ ಎಂದು ಅವಳಿಗೆ ಹೇಗೆ ತಿಳಿಸುವುದು? ಕೂಗಿದರೆ ಅಪ್ಪ ಓ ಅನ್ನುತ್ತಿದ್ದ, ಬಸ್ಸಿನ ಹಾರನ್ನು ಕೇಳಿಸುತ್ತಿತ್ತು. ಮನೆ ನಡೆಯುವುದಕ್ಕೆ ಅಷ್ಟು ಸಾಕಲ್ಲ.

ಭಜನೆಗೆ ಸಾಲಲಿಲ್ಲ. ಕೀರವಾಣಿಯ ಒಂದು ಹಾಡಿನಲ್ಲಿ ಅಪ್ಪ ಏಳನೆಯ ಸ್ವರಕ್ಕೆ, ಅಂದರೆ ಮೇಲಿನ ನಿಷಾದಕ್ಕೆ ಹೋದವನು ಕರಿ ಮನೆ ಬಿಟ್ಟು ಪಕ್ಕದ ಬಿಳಿ ಮನೆ ಒತ್ತಿದ. ಒಮ್ಮೆ ಒತ್ತಿ, ಗೊಂದಲವಾಗಿ, ಕರಿ ಮನೆಗೆ ಬಂದು, ಮತ್ತೆ ಬಿಳಿಗೆ ಹೋದ. ಗೋವಿಂದಪ್ಪ ಮೇಷ್ಟ್ರು ಮೊದಲ ಬಾರಿಗೆ ತಿರುಗಿ ನೋಡಿದರು. ಹಾಡು ಹೇಗೋ ಮುಗಿಯಿತು.

"ರೀಡು ಥಂಡಿ ಹಿಡಿದ್ಬುಟ್ಟದೆ ಮೇಷ್ಟ್ರೇ," ಅಂದ ಅಪ್ಪ. "ಮನೆಗೆ ತಕ್ಕೊಂಡ್ಹೋಗಿ ಸರಿ ಮಾಡ್ಕೊಂಡ್ ಬತ್ತೀನಿ."

ಆ ಭಾನುವಾರ ಅವನು ಮಲಗಲಿಲ್ಲ. ಜಗಲಿಯಲ್ಲಿ ಬಿಸಿಲಿಗೆ ಹಳೇ ಸೀರೆ ಹಾಸಿ ಹಾರ್ಮೋನಿಯಂ ಬಿಚ್ಚಿದ. ಒಳಗಿನ ರೀಡುಗಳೆಂದರೆ ಸಾಲಾಗಿ ಕೂತ ಹಿತ್ತಾಳೆಯ ಸಣ್ಣ ನಾಲಗೆಗಳು. ಒಂದೊಂದು ಮನೆಗೂ ಒಂದೊಂದು. ನಾಲಗೆಯ ತುದಿಯನ್ನು ಕೂದಲೆಳೆಯಷ್ಟು ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಅಪ್ಪ ಈ ಕೆಲಸವನ್ನು ಕೆಲಮಂಗಲದ ಭಜನೆಯವರಿಗೂ ಮಾಡಿಕೊಟ್ಟವನು. ನಾಲಗೆಯ ಕೆಳಗೆ ಬ್ಲೇಡಿನ ಚೂರು ತೂರಿಸಿ, ಸೂಜಿಯಂಥ ಅರದಿಂದ ಒಮ್ಮೆ ಕೆರೆಯುವನು, ಊದಿ ಕೇಳುವನು.

ಅವನು ಕೆರೆಯಲು ಹೊರಟಿದ್ದು ಅದೇ ಎರಡು ಸ್ವರಗಳನ್ನು, ಮೇಲಿನ ಧೈವತ ನಿಷಾದಗಳನ್ನು. ನಾನು ಕೀಬೋರ್ಡ್ ತಂದು ಪಕ್ಕದಲ್ಲಿಟ್ಟು ಅವೇ ಸ್ವರಗಳನ್ನು ನುಡಿಸಿ ನೋಡಿದೆ. ಪೆಟ್ಟಿಗೆಯವೂ ಕೀಬೋರ್ಡಿನವೂ ಒಂದಕ್ಕೊಂದು ಅಂಟಿಕೊಂಡಂತೆ ಸರಿಯಾಗಿದ್ದವು.

"ಅಪ್ಪಾ, ಸರಿಯಾಗೇ ಇದೆ. ಕೆರೀಬೇಡ," ಅಂದೆ.

"ಇಲ್ಲ ಕಣಮ್ಮ, ಇಳ್ದೋಗ್ಬುಟ್ಟದೆ. ನಿಂಗಿನ್ನೂ ಎಳೇ ಕಿವಿ."

"ಕೀಬೋರ್ಡ್ ಕೇಳು, ಅದೂ ಇದೂ ಒಂದೇ."

ಅಪ್ಪ ಕೀಬೋರ್ಡಿನ ಮನೆ ಒತ್ತಿ ಬಗ್ಗಿ ಕೇಳಿದ. "ಇದೂ ಇಳ್ದದೆ. ಪ್ಲಾಸ್ಟಿಕ್ ಮಾಲು, ಇನ್ನೇನಾಗ್ತದೆ," ಅಂದು ಅರ ಕೈಗೆತ್ತಿಕೊಂಡ.

ನಾನು ಅವನ ಕೈ ಹಿಡಿದೆ. ಬಿಡಿಸಿಕೊಂಡು ನಕ್ಕ. ಮತ್ತೆ ಹಿಡಿದೆ. ಆಗ ಗದರಿದ, "ಯಾರ್ಗೆ ಹೇಳ್ಕೊಡಕ್ ಬತ್ತೀಯಾ? ನಿಂಗೆ ಸಾ ಪಾ ತೋರ್ಸಿದ್ದು ನಾನು." ಅಪ್ಪ ನನ್ನನ್ನು ಗದರುವವನಲ್ಲ. ಒಳಗೆ ಓಡಿ ಅಮ್ಮನನ್ನು ಎಳೆದು ತಂದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ಅವರ ಪೆಟ್ಟಿಗೆ, ಅವರಿಗೆ ಗೊತ್ತಿಲ್ವಾ?" ಅಂದಳು. ರೋಸಿ ಮಿಸ್ ಭಾನುವಾರ ಚರ್ಚಿನಲ್ಲಿರುತ್ತಾರೆ. ಗೋವಿಂದಪ್ಪ ಮೇಷ್ಟ್ರು ಮಗಳ ಮನೆಗೆ ಹೋಗಿದ್ದರು. ಇಡೀ ಬೀದಿಯಲ್ಲಿ ಸರಿಯಾದ ಸ್ವರ ಹಾಳಾಗುತ್ತಿರುವುದನ್ನು ಕೇಳಿಸಿಕೊಳ್ಳುತ್ತಿದ್ದವಳು ನಾನೊಬ್ಬಳೇ.

ಕಂಬಕ್ಕೆ ಒರಗಿ ಕೂತೆ. ಕರ್ ಎಂದು ಕೆರೆಯುತ್ತಿದ್ದ, ಊದುತ್ತಿದ್ದ, ತಲೆ ಆಡಿಸುತ್ತಿದ್ದ. ಒಂದೊಂದು ಕೆರೆತಕ್ಕೂ ಸ್ವರ ತನ್ನ ಜಾಗ ಬಿಟ್ಟು ಮೇಲೆ ಮೇಲೆ ಸರಿಯುತ್ತಿತ್ತು. ಕೊನೆಗೆ ಅವನ ಮುಖ ಅರಳಿತು. "ಹಾ! ಈಗ ಕೂತ್ತು ನೋಡು," ಅಂದ. ಅನ್ನದಲ್ಲಿ ಕಲ್ಲು ಸಿಕ್ಕಂತೆ ಆ ನಿಷಾದ ನನ್ನ ಹಲ್ಲಿಗೆಲ್ಲ ತಾಗುತ್ತಿತ್ತು. ಹಿತ್ತಾಳೆಯ ಪುಡಿ ಸೀರೆಯ ಮೇಲೆ ಬಿಸಿಲಿಗೆ ಮಿನುಗುತ್ತಿತ್ತು. ಅದನ್ನು ಬೆರಳಲ್ಲಿ ಒತ್ತಿ ಎತ್ತಿಕೊಂಡು ಎಲ್ಲಿಡುವುದೆಂದು ತಿಳಿಯದೆ ಲಂಗಕ್ಕೆ ಒರೆಸಿಕೊಂಡೆ.

ಮರುದಿನ ಬಸ್ಸು ಬಂದಾಗ ನಾನು ಕೂಗಲಿಲ್ಲ. ಬೇರೆ ಯಾರೋ ಕೂಗಿದರು. ಮೊದಲ ಹಾಡುಗಳು ಕೆಳಗಿನ ಸ್ವರಗಳಲ್ಲೇ ಇದ್ದವು, ಬಚಾವಾದೆವು. ಆಮೇಲೆ ಮೇಷ್ಟ್ರು ಕೀರವಾಣಿ ಎತ್ತಿಕೊಂಡರು. ಒಂದು ಸಾಲು ಹಾಡಿ ಉಸಿರಿಗೆ ನಿಂತರು. ಅಪ್ಪ ಹೊಸದಾಗಿ ಸರಿಮಾಡಿದ ಹುರುಪಿನಲ್ಲಿ ಮೇಲಿನ ನಿಷಾದ ಹಿಡಿದು ಎಳೆದ.

ಅರ್ಚಕರ ಗಂಟೆಯ ಕೈ ನಿಂತಿತು. ಮುಂದಿದ್ದ ಒಂದು ಚಿಕ್ಕ ಮಗು ಕಿಸಕ್ಕೆಂದು ನಕ್ಕು ಕಿವಿ ಮುಚ್ಚಿಕೊಂಡಿತು. ಅಪ್ಪನಿಗೆ ಅಪಸ್ವರ ಕೇಳಿಸಲಿಲ್ಲ, ಮುಖಗಳು ಕಂಡವು. ಒಬ್ಬೊಬ್ಬರನ್ನೇ ನೋಡುತ್ತ ಕೊನೆಗೆ ನನ್ನನ್ನು ನೋಡಿದ. ನನ್ನ ಮುಖ ಹೇಗಿತ್ತೋ, ಅದನ್ನು ಬದಲಾಯಿಸಲು ನನಗೆ ಆಗಲಿಲ್ಲ.

ಅಪ್ಪ ಆ ಒಂದು ಮನೆಯನ್ನು ಮತ್ತೆ ಒತ್ತಿದ, ಪೆಟ್ಟಿಗೆಗೆ ಕಿವಿ ಕೊಟ್ಟು. ಇನ್ನೊಂದು ಕಿವಿ ಕೊಟ್ಟು ಇನ್ನೊಮ್ಮೆ. "ಸರಿಯಾಗೇ ಐತಲ್ಲಮ್ಮಾ?" ಎಂದು ನನ್ನನ್ನು ಕೇಳಿದ, ಮೆಲ್ಲಗೆ, ಸಣ್ಣ ಹುಡುಗನಂತೆ. ನಾನು ಬಿಕ್ಕಿ ಬಿಕ್ಕಿ ಅಳಲು ಶುರು ಮಾಡಿದೆ.

ಗೋವಿಂದಪ್ಪ ಮೇಷ್ಟ್ರು ಬಂದು ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು ಹಾರ್ಮೋನಿಯಂ ಮೇಲೆ ಕೈಯಿಟ್ಟರು. "ಥಂಡಿ ಕಣ್ಲಾ ನಾಗಾ. ಮನುಷ್ರೇ ನಡುಗ್ತಾ ಇದೀವಿ, ರೀಡು ಯಾವ ಲೆಕ್ಕ? ಇವತ್ತು ಬರೀ ತಾಳದಾಗೆ ಹಾಡ್ಬುಡಾಣ." ಅವರು ಬೈದಿದ್ದರೆ ತಡೆದುಕೊಳ್ಳಬಹುದಿತ್ತೇನೋ. ಅಪ್ಪ ತಿದಿಯ ಕೊಂಡಿ ಹಾಕಿ, ಪೆಟ್ಟಿಗೆಯ ಮೇಲೆ ಕೆಂಪು ಬಟ್ಟೆ ಹೊದಿಸಿ, ಎಲ್ಲರ ಜೊತೆ ಕೈತಟ್ಟುತ್ತ ಕೂತ. ಹುಗ್ಗಿ ಕೊಟ್ಟಾಗ ತನ್ನ ದೊನ್ನೆಯನ್ನು ನನಗೆ ದಾಟಿಸಿದ.

ಆಮೇಲೆ ಅಮ್ಮನೇ ಕರೆದುಕೊಂಡು ಹೋಗಿ ಕಿವಿ ಡಾಕ್ಟರಿಗೆ ತೋರಿಸಿದಳು. ನಾನೂ ಹೋಗಿದ್ದೆ. ಗಾಜಿನ ಕೋಣೆಯೊಳಗೆ ಅಪ್ಪ ಹೆಡ್‌ಫೋನ್ ಹಾಕಿಕೊಂಡು, ಸದ್ದು ಕೇಳಿದಾಗ ಬೆರಳೆತ್ತಬೇಕು. ಮೊದಮೊದಲು ಬೇಗ ಬೇಗ ಎತ್ತಿದ. ಆಮೇಲೆ ಬೆರಳು ತೊಡೆಯ ಮೇಲೆಯೇ ಉಳಿಯಿತು, ಹೊರಗಿನ ಹುಡುಗಿ ಗುಂಡಿ ಒತ್ತುತ್ತಲೇ ಇದ್ದಳು. ವರ್ಷಗಟ್ಟಲೆ ಪ್ರೆಸ್ಸಿನ ಪಕ್ಕ ಬರಿಗಿವಿಯಲ್ಲಿ ನಿಂತದ್ದರ ಫಲ ಅಂದರು ಡಾಕ್ಟರು. ಮೇಲಿನ ಸ್ವರ ಇಳಿದಂತೆ ಕೇಳುವುದೂ, ಕಿವಿಯಲ್ಲಿ ಶ್ರುತಿ ಪೆಟ್ಟಿಗೆಯಂತೆ ಸದಾ ಕೇಳುವ ಗುಂಯ್ ಕೂಡ ಅದರದ್ದೇ ಅಂತೆ. ಅಮ್ಮ ಮದ್ದೇನು ಎಂದು ಕೇಳಿದಳು. "ಪೋನದು ಪೋನದುದಾಮ್ಮಾ," ಅಂದರು ಅವರು. ಹೋದದ್ದು ಹೋದಂತೆಯೇ. ತಮಿಳಿನಲ್ಲಿ ಕೇಳಿದ್ದಕ್ಕೋ ಏನೋ, ಅಮ್ಮ ಅದನ್ನು ಕನ್ನಡದಲ್ಲಿ ಅಪ್ಪನಿಗೆ ಹೇಳಲು ಬಾಯಿ ತೆರೆದವಳು ಡಾಕ್ಟರ ಚೀಟಿಯನ್ನು ಮಡಚತೊಡಗಿದಳು. ಅಪ್ಪನಿಗೂ ತಮಿಳು ಬರುತ್ತದೆ.

ಆ ಸಂಜೆ ನಾನು ಗೊಂಬೆಯ ತಲೆಯಡಿಯಿಂದ ಹಳದಿ ದಿಂಬುಗಳನ್ನು ತೆಗೆದು ಅಪ್ಪನ ಯೂನಿಫಾರ್ಮಿನ ಜೇಬಿಗೆ ತುರುಕಿದೆ. ಬೀದಿಯ ಹುಡುಗಿಯರಿಂದಲೂ ವಸೂಲಿ ಮಾಡಿ ತಂದೆ. ಇನ್ನೇನು ಮಾಡಬಹುದೆಂದು ನನಗೆ ಹೊಳೆಯಲಿಲ್ಲ.

ಈಗ ನಾನೇ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುತ್ತೇನೆ. ಮೂರು ಮೈನರ್ ಕಲಿಸುವಾಗ ಅಪ್ಪನ ಬಸ್ಸಿನ ಉದಾಹರಣೆಯನ್ನೇ ಕೊಡುತ್ತೇನೆ, ಮಕ್ಕಳಿಗೆ ಥಟ್ಟನೆ ಅರ್ಥವಾಗುತ್ತದೆ. ಕಂಪನಿ ಬಸ್ಸುಗಳು ಈಗ ಮೇಲ್ಸೇತುವೆ ಹತ್ತಿ ಹೋಗುತ್ತವೆ, ನಮ್ಮ ಬೀದಿಗೆ ಬರುವುದಿಲ್ಲ. ಧನುರ್ಮಾಸದ ಭಜನೆ ನಡೆಯುತ್ತದೆ, ಸ್ಪೀಕರಿನಲ್ಲಿ, ಯಾರಿಗೂ ಕಾಯದೆ. ಹುಗ್ಗಿ ಪೇಪರ್ ಕಪ್ಪಿನಲ್ಲಿ ಬರುತ್ತದೆ, ಕೈ ಸುಡುವುದಿಲ್ಲ. ಗೋವಿಂದಪ್ಪ ಮೇಷ್ಟ್ರಿಲ್ಲ. ಹಾರ್ಮೋನಿಯಂ ನಮ್ಮ ಅಟ್ಟದ ಮೇಲಿದೆ, ಆ ಎರಡು ರೀಡುಗಳನ್ನು ಸರಿಮಾಡಿಸಲು ಅಪ್ಪ ಬಿಡಲಿಲ್ಲ.

ವರ್ಷ ಕಳೆದಂತೆ ಕೆಳಗಿನ ಸ್ವರಗಳೂ ಹೋದ ಮೇಲೆ ಅಪ್ಪನಿಗೆ ಕಿವಿಯ ಯಂತ್ರ ಕೊಡಿಸಿದ್ದೇವೆ. ಮಾತಿಗೆ ಆಗುತ್ತದೆ, ಸಂಗೀತಕ್ಕಲ್ಲ. "ತಗಡಿನ ಮೇಲೆ ಅಕ್ಕಿ ಸುರಿದಂಗೆ ಕೇಳ್ಸ್ತದೆ," ಎಂದು ಡಬ್ಬಿಯಲ್ಲೇ ಇಡುತ್ತಾನೆ. ಆದರೂ ನಮ್ಮ ಆಟ ನಿಂತಿಲ್ಲ. ಗೋಡೆ ಕಡೆ ಕೂರುತ್ತಿದ್ದವನು ಈಗ ನನ್ನೆದುರಿಗೆ, ಕೀಬೋರ್ಡಿಗೆ ಮುಖ ಮಾಡಿ ಕೂರುತ್ತಾನೆ. ಕರಿ ಮನೆ ಇಲ್ಲದಿದ್ದರೆ ನ್ಯಾಚುರಲ್, ಒಂದಿದ್ದರೆ ಹಾರ್ಮೋನಿಕ್, ಏರುವಾಗ ಎರಡಿದ್ದರೆ ಮೆಲೋಡಿಕ್. ನೋಡಿ ಹೇಳುತ್ತಾನೆ, ಒಂದೂ ತಪ್ಪುವುದಿಲ್ಲ. ಅವನು ನೋಡಿ ಹೇಳುತ್ತಿದ್ದಾನೆಂದು ನಾನು ಅನ್ನುವುದಿಲ್ಲ, ಅವನೂ ಅನ್ನುವುದಿಲ್ಲ.

ಹೋದ ಧನುರ್ಮಾಸದ ಒಂದು ಬೆಳಿಗ್ಗೆ ಮೆಲೋಡಿಕ್ ಏರುತ್ತಿದ್ದೆ. ಎರಡೂ ಕರಿ ಮನೆ ದಾಟಿ ತುದಿಯ ಮನೆ ಮುಟ್ಟಿದಾಗ ಕರೆಂಟು ಹೋಯಿತು. ಕೀಬೋರ್ಡಿನಲ್ಲಿ ನನ್ನ ಕಡೆಗಿದ್ದ ಕೆಂಪು ದೀಪ ಆರಿ, ಸ್ವರ ಅಲ್ಲೇ ಕತ್ತರಿಸಿತು. ಕೈ ನಿಲ್ಲಿಸಿದೆ.

"ಯಾಕಮ್ಮ ನಿಲ್ಲಿಸ್ಬುಟ್ಟೆ? ಇಳಿ," ಅಂದ ಅಪ್ಪ, ನನ್ನ ಬೆರಳುಗಳನ್ನೇ ನೋಡುತ್ತ.

ನಾನು ಬಿಳಿ ಮನೆಗಳಲ್ಲಿ ಒಂದೊಂದಾಗಿ ಇಳಿದೆ. ಪ್ಲಾಸ್ಟಿಕ್ಕಿನ ಟಕ್ ಟಕ್ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕೊನೆಯ ಮನೆ ಮುಟ್ಟುವವರೆಗೂ ಅಪ್ಪ ಮೊದಲಿನಂತೆಯೇ ತಲೆದೂಗುತ್ತಿದ್ದ.

"ಮೆಲೋಡಿಕ್ಕು," ಅಂದ. "ಚೆನ್ನಾಗಿ ನುಡಿಸ್ದೆ ಕಣಮ್ಮ."